ಹೊಗೆಯ ಬಣ್ಣ ಬಲ್ಲವಳು

ನನ್ನ ಬಾಯಿಯೇ ನನಗೆ ಶತ್ರು. ಈ ಮಾತನ್ನು ನಮ್ಮವ್ವ ನಾನು ಏಳೆಂಟು ವರ್ಷದವಳಿದ್ದಾಗಲೇ ಹೇಳಿದ್ದಳು. ಸಾಲಿಯ ಮಾಸ್ತರರೂ ಹೇಳಿದ್ದರು. ಮುಲ್ಕಿ ಪರೀಕ್ಷೆ ಪಾಸಾಗಿ ಏಳನೆಯ ಇಯತ್ತೆಗೆ ಸಾಲಿ ಬಿಡಿಸಿದಾಗ, ಇನ್ನು ಮುಂದೆ ಇವಳ ಬಾಯಿಯನ್ನು ಇವಳ ಅತ್ತೆಯೇ ನೋಡಿಕೊಳ್ಳಲಿ ಎಂದು ಅಪ್ಪ ನಕ್ಕಿದ್ದ. ಆದರೆ ಅದು ಎಷ್ಟು ದೊಡ್ಡ ಶತ್ರು ಎನ್ನುವುದು ನನಗೆ ಗೊತ್ತಾದದ್ದು ಮದುವೆಯಾದ ಎರಡನೆಯ ವರ್ಷ, ಸುಟ್ಟು ಬೂದಿಯಾದ ಒಂದು ಇದ್ದಿಲ ಭಟ್ಟಿಯ ಮುಂದೆ ನಿಂತಾಗ. ಅವತ್ತು ನಾನು ಸುಮ್ಮನೆ ರೊಟ್ಟಿ ಬುಟ್ಟಿ ಇಳಿಸಿ ಮನೆಗೆ ಬಂದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನ್ನ ತವರು ಸಿಂದಗಿ ಹತ್ತಿರದ ಒಂದು ಹಳ್ಳಿ. ಗಂಡನ ಮನೆ ಮುದ್ದೇಬಿಹಾಳ ತಾಲೂಕಿನಲ್ಲಿ, ಡೋಣಿ ನದಿಗೆ ಹೋಗಿ ಕೂಡುವ ಒಂದು ಹಳ್ಳದ ದಂಡೆಗೆ. ಡಾಂಬರು ರಸ್ತೆಯಲ್ಲಿ ಬಸ್ಸಿಳಿದರೆ ಊರಿಗೆ ನಾಲ್ಕು ಮೈಲಿ ಬಂಡಿದಾರಿ. ಆ ನಾಲ್ಕು ಮೈಲಿಯ ಎರಡೂ ಬದಿಗೆ, ಹಳ್ಳದ ಉದ್ದಕ್ಕೆ, ಹೊಲದ ಬದುಗಳ ಮೇಲೆ, ಎಲ್ಲಿ ನೋಡಿದರೂ ಜಾಲಿ. ಅದನ್ನು ನೆಟ್ಟವರಿಲ್ಲ, ನೀರು ಹನಿಸಿದವರಿಲ್ಲ. ಕಾಲಿಗೆ ಮುಳ್ಳು ಚುಚ್ಚಿದಾಗ ಬೈಯುವುದಕ್ಕಷ್ಟೇ ಜನ ಅದರ ಹೆಸರು ಎತ್ತುತ್ತಿದ್ದರು. ಆಡು ಕುರಿ ಕಾಯಿ ತಿನ್ನುತ್ತಿದ್ದವು, ನೇಗಿಲಿಗೆ ಕುಂಟೆಗೆ ಅದರದೇ ಕಟ್ಟಿಗೆ, ಬಿಸಿಲು ಏರಿದಾಗ ಬಂಡಿ ಬಿಟ್ಟು ಎತ್ತು ಕಟ್ಟುವುದು ಅದರ ಬುಡಕ್ಕೆ. ಇಷ್ಟೆಲ್ಲ ಇದ್ದರೂ ಜಾಲಿಯನ್ನು ಆಸ್ತಿ ಎಂದು ನಮ್ಮ ಮಾವ ಎಂದೂ ಅಂದುಕೊಂಡಿರಲಿಲ್ಲ. ಹೊಲ, ಎತ್ತು, ಬಾವಿ ಆಸ್ತಿ. ಜಾಲಿ ತಾನಾಗಿ ಬಂದದ್ದು.

ಎಪ್ಪತ್ತರ ದಶಕ ಹುಟ್ಟಿದ ಹೊಸದರಲ್ಲಿ ಮಳೆ ಎರಡು ವರ್ಷ ಮೇಲಿಂದ ಮೇಲೆ ಕೈಕೊಟ್ಟಿತು. ಆಗ ಸೊಲ್ಲಾಪುರ ಕಡೆಯ ಒಬ್ಬ ಇದ್ದಿಲು ಗುತ್ತಿಗೆದಾರ ನಮ್ಮೂರಿಗೆ ಬಂದ. ನೆಲ ಅಗೆದು ತೆಗೆಯುವ ಕಲ್ಲಿದ್ದಲಿನ ಮಾತಲ್ಲ ಇದು, ನಮ್ಮ ಸೀಮೆಯಲ್ಲಿ ಅದೆಲ್ಲಿ ಬರಬೇಕು. ಜಾಲಿ ಕಡಿದು, ಒಟ್ಟಿ, ಮಣ್ಣು ಮುಚ್ಚಿ, ಒಳಗೊಳಗೇ ಬೇಯಿಸಿ ತೆಗೆಯುವ ಇದ್ದಿಲು. ನಮ್ಮ ಕಡೆಯವರ ಬಾಯಲ್ಲಿ ಇದ್ದಲಿ. ಆಲಮಟ್ಟಿಯಲ್ಲಿ ಆಣೆಕಟ್ಟಿನ ಕೆಲಸ ನಡೆದಿತ್ತು, ಅಲ್ಲಿನ ಕಮ್ಮಾರರ ಕುಲುಮೆಗೆ ಇದ್ದಿಲು ಬೇಕು. ಬಿಜಾಪುರದ ಹೋಟೆಲಿಗೆ ಬೇಕು. ಸೊಲ್ಲಾಪುರದ ಇಸ್ತ್ರಿ ಅಂಗಡಿಗೆ ಬೇಕು. ಮಾವ ತಮ್ಮ ಹೊಲದ ಬದುವಿನ ಜಾಲಿ ಕಡಿಯಲು ಒಪ್ಪಿದರು. ಹಳ್ಳದ ದಂಡೆಯ ನಮ್ಮ ಬೀಳುಹೊಲದಲ್ಲಿ ಭಟ್ಟಿ ಹಾಕುವುದೆಂದಾಯಿತು. ಕಟ್ಟಿಗೆ ನಮ್ಮದು, ಆಳು ನಮ್ಮವರು, ಲಾರಿ ಗುತ್ತಿಗೆದಾರನದು.

ಗುತ್ತಿಗೆದಾರ ಮಾಡುವ ರೀತಿ ಹೇಳಿಕೊಟ್ಟು ಹೋದ. ಕಟ್ಟಿಗೆಯನ್ನು ಗುಡಾರದ ಹಾಗೆ ಒಟ್ಟಬೇಕು, ಮೇಲೆ ಹುಲ್ಲು ಸೊಪ್ಪು ಹಾಸಬೇಕು, ಅದರ ಮೇಲೆ ಕೈಬೆರಳುದ್ದ ದಪ್ಪಕ್ಕೆ ಹಸಿಮಣ್ಣು ಮೆತ್ತಬೇಕು, ಕೆಳಗೆ ಸುತ್ತಲೂ ಕಿಂಡಿ ಬಿಟ್ಟು ಬೆಂಕಿ ಕೊಡಬೇಕು. ಅವನು ಹೇಳಿದ ಮಣ್ಣು ಎಂದರೆ ಅವನೂರಿನ ಮಣ್ಣು. ನಮ್ಮವರು ಎಂದರೆ ಎರಿ ಹೊಲದಲ್ಲಿ ಹುಟ್ಟಿ ಎರಿ ಹೊಲದಲ್ಲೇ ಸಾಯುವವರು. ಮಣ್ಣು ಅಂದಕೂಡಲೇ ಅವರ ಕೈ ಕಪ್ಪು ಮಣ್ಣಿಗೆ ಹೋಯಿತು. ಎರಿ ಮಣ್ಣು ಹಸಿ ಇದ್ದಾಗ ಬೆಣ್ಣೆ. ಒಣಗಿತೆಂದರೆ ಕಾಲು ಸಿಕ್ಕಿಬೀಳುವಂಥ ಬಿರುಕು. ಬೇಸಿಗೆಯಲ್ಲಿ ನಮ್ಮ ಹೊಲದ ಬಿರುಕಿನಲ್ಲಿ ಆಡಿನ ಮರಿಯ ಕಾಲು ಮುರಿದದ್ದು ಎಲ್ಲರಿಗೂ ಗೊತ್ತು, ಆದರೂ ಅದೇ ಮಣ್ಣನ್ನು ಬೆಂಕಿಯ ಮೇಲೆ ಮೆತ್ತಿದರು. ಎರಡನೆಯ ದಿನಕ್ಕೆ ಭಟ್ಟಿ ಹತ್ತು ಕಡೆ ಬಾಯಿ ತೆರೆಯಿತು. ಗಾಳಿ ಹೊಕ್ಕು ಜ್ವಾಲೆ ಎದ್ದು ನಾಲ್ಕು ಬಂಡಿ ಕಟ್ಟಿಗೆ ಬೂದಿಯಾಯಿತು.

ನಾನು ಬುತ್ತಿ ತೆಗೆದುಕೊಂಡು ಹೋದಾಗ ಮಾವ ತಲೆ ಮೇಲೆ ಕೈಹೊತ್ತು ಕೂತಿದ್ದರು. ಗಂಡ ಆಳುಗಳನ್ನು ಬೈಯುತ್ತಿದ್ದರು. ಯಾರೂ ನನ್ನನ್ನು ಕೇಳಿರಲಿಲ್ಲ.

"ಎರಿ ಮಣ್ಣ ಹಚ್ಚಿದ್ರ ಬಿರಿಲಾರದ ಇರತೈತೇನ್ರಿ ಮಾವಾರ. ಮಾಳಗಿಗೆ ಹಾಕೂ ಹಾಳಮಣ್ಣು ಹಚ್ಚಬೇಕಾಗಿತ್ತು" ಎಂದೆ.

ನಮ್ಮ ಸೀಮೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಹಿಂದೆ ಯಾವ ಕಾಲಕ್ಕೋ ಜನ ಬಿಟ್ಟುಹೋದ ಹಳೆ ಊರಿನ ದಿಬ್ಬದಿಂದ ಬೂದುಬಣ್ಣದ ಮಣ್ಣು ತಂದು ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹರವುತ್ತೇವೆ. ಅದೇ ಹಾಳಮಣ್ಣು. ಅದು ಬಿರಿಯುವುದಿಲ್ಲ, ಸೋರುವುದಿಲ್ಲ. ತವರಿನಲ್ಲಿ ಪ್ರತಿವರ್ಷ ನಾನೂ ಅವ್ವನೂ ಸೇರಿ ಅದನ್ನು ಹರವಿ, ತುಳಿದು, ಬಡಿಯುತ್ತಿದ್ದೆವು. ಎಂಥ ಹದಕ್ಕೆ ಎಷ್ಟು ನೀರು ಎನ್ನುವುದು ನನ್ನ ಅಂಗೈಗೆ ಗೊತ್ತಿತ್ತು.

ಮಾವ ತಲೆ ಎತ್ತಿ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದರು. "ತಂಗಿ, ನಾಳಿಂದ ನೀನೂ ಬಾ" ಎಂದರು. ನನಗೆ ಒಳಗೊಳಗೇ ಖುಷಿಯಾಯಿತು. ಅಷ್ಟು ತಿಳಿಗೇಡಿ ನಾನು.

ಎರಡನೆಯ ಭಟ್ಟಿಗೆ ನಾನೇ ಮಣ್ಣು ಕಲಸಿದೆ. ಅದು ಒಂದು ಕೂದಲೆಳೆಯಷ್ಟೂ ಬಿರಿಯಲಿಲ್ಲ. ಎಂಟು ಹತ್ತು ದಿನ ಬೇಯುವ ಭಟ್ಟಿಯನ್ನು ಹಗಲೆಲ್ಲ ಎದುರಿಗೆ ಕೂತು ನೋಡಿ ನೋಡಿ ನನಗೆ ಹೊಗೆಯ ಗುರುತೂ ಹತ್ತಿತು. ಮೊದಲು ಬರುವುದು ಬೆಳ್ಳಗೆ ದಪ್ಪನೆಯ ಹೊಗೆ, ಅದು ಕಟ್ಟಿಗೆಯ ನೀರು. ಆಮೇಲೆ ಹಳದಿ ತಿರುಗುತ್ತದೆ, ಕಣ್ಣಿಗೆ ಖಾರ ಹೊಡೆದ ಹಾಗಾಗುತ್ತದೆ. ಕಡೆಗೆ ತೆಳ್ಳಗೆ ನೀಲಿ. ನೀಲಿ ಬಂತೆಂದರೆ ಒಳಗೆ ಇದ್ದಿಲು ಆಯಿತು, ಕಿಂಡಿ ಎಲ್ಲ ಮುಚ್ಚಿ ಉಸಿರು ಕಟ್ಟಿಸಬೇಕು. ಒಂದು ತಾಸು ತಡವಾದರೆ ಬೂದಿ, ಒಂದು ತಾಸು ಮೊದಲಾದರೆ ಹಸಿ ಕಟ್ಟಿಗೆ. ಒಂದೇ ಭಟ್ಟಿಯ ಎಡಮಗ್ಗಲು ನೀಲಿ, ಬಲಮಗ್ಗಲು ಇನ್ನೂ ಹಳದಿ ಇರುತ್ತಿತ್ತು. ಎಡಕ್ಕೆ ಮುಚ್ಚಿ ಬಲಕ್ಕೆ ತೆರೆದು ಅದನ್ನು ಸರಿದೂಗಿಸಬೇಕು. ಗಂಡಸರಿಗೆ ಆ ಸಹನೆ ಇರಲಿಲ್ಲ. ನನ್ನ ಗಂಡ ಪಾಪ ಎಷ್ಟು ದಿಟ್ಟಿಸಿ ನೋಡಿದರೂ, "ಹೊಗಿ ಅಂದ್ರ ಹೊಗಿ, ಅದಕ್ಕೇನ ಬಣ್ಣ" ಎನ್ನುತ್ತಿದ್ದರು.

ನಮ್ಮ ಇದ್ದಿಲು ತಟ್ಟಿದರೆ ಖಣ್ ಎನ್ನುತ್ತಿತ್ತು. ಗುತ್ತಿಗೆದಾರ ಅದನ್ನು ಬಸವನಬಾಗೇವಾಡಿಯಲ್ಲಿ, ನಿಡಗುಂದಿಯಲ್ಲಿ ತೋರಿಸಿ ಹೊಗಳಿದನಂತೆ. ಹಾಳಮಣ್ಣಿನ ಸುದ್ದಿ ಊರಿಂದೂರಿಗೆ ಹಬ್ಬಿತು. ತಂಗಡಗಿ ಕಡೆಯವರು ಬಂದು ನೋಡಿಕೊಂಡು ಹೋದರು. ಇಂಡಿ ತಾಲೂಕಿನಿಂದ ಇಬ್ಬರು ಬಂದು ನಾನು ಮಣ್ಣು ಕಲಸುವುದನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂತರು. ನಾನು ಉಬ್ಬಿಹೋಗಿ ಅವರಿಗೆ ಎಲ್ಲವನ್ನೂ ಹೇಳಿಕೊಟ್ಟೆ. ಅಲ್ಲಿಯತನಕ ಎರಿ ಮಣ್ಣೇ ಜಾಲಿಯನ್ನು ಕಾಯ್ದುಕೊಂಡಿತ್ತು. ಭಟ್ಟಿ ಹಾಕಿದವರೆಲ್ಲ ಬೂದಿ ಕಂಡು ಕೈಬಿಡುತ್ತಿದ್ದರು. ಆ ಅಡ್ಡಿ ತೆಗೆದವಳು ನಾನು. ಎರಡು ವರ್ಷದೊಳಗೆ ಹಳ್ಳದ ಗುಂಟ ಹೋದರೆ ಊರಿಗೆ ನಾಲ್ಕಾರು ಭಟ್ಟಿ. ಚಳಿಗಾಲದ ಮುಂಜಾನೆ ಹೊಗೆ ಮೇಲೇಳದೆ ಹೊಲದ ಮೇಲೆಯೇ ಮಲಗಿರುತ್ತಿತ್ತು. ಒಣಹಾಕಿದ ಸೀರೆ, ಕಟ್ಟಿಟ್ಟ ರೊಟ್ಟಿ, ಕುಡಿಯುವ ನೀರು ಎಲ್ಲಕ್ಕೂ ಅದೇ ವಾಸನೆ.

ಬದುವಿನ ಜಾಲಿ ಮುಗಿಯಿತು. ಹಳ್ಳದ ದಂಡೆಯದು ಮುಗಿಯಿತು. ಆಮೇಲೆ ದಾರಿಯ ಎರಡು ಬದಿಗಿನದಕ್ಕೆ ಕೊಡಲಿ ಹಾಕಿದರು. ಗಿಡ ಕಡಿದದ್ದಕ್ಕೇ ಮಳೆ ಹೋಯಿತೆಂದು ನಾನು ಹೇಳುವುದಿಲ್ಲ. ಅದನ್ನು ತಿಳಿದವರು ಹೇಳಲಿ. ನನ್ನ ಮೈಗೆ ಗೊತ್ತಾದದ್ದನ್ನಷ್ಟೇ ಹೇಳುತ್ತೇನೆ. ಬೇಸಿಗೆಯಲ್ಲೂ ಹಳ್ಳದ ತಿರುವಿನಲ್ಲಿ ಉಳಿಯುತ್ತಿದ್ದ ಮಡುವು ಶಿವರಾತ್ರಿಗೇ ತಳ ಕಂಡಿತು. ಪಡುವಣ ಗಾಳಿಗೆ ತಡೆಯಿಲ್ಲದೆ ಧೂಳು ನೇರ ಅಡುಗೆಮನೆಗೆ ಬಂತು. ಕುರಿಯವರು ನಮ್ಮ ಊರಲ್ಲಿ ತಂಗುವುದನ್ನೇ ಬಿಟ್ಟರು. ನಮ್ಮ ಅತ್ತೆ ಓದುಬರಹ ಇಲ್ಲದ ಹೆಂಗಸು, ಒಂದು ದಿನ ಅಂಗಳದಲ್ಲಿ ನಿಂತು ಕೈ ಅಡ್ಡ ಹಿಡಿದು ಹೇಳಿದಳು: "ಮದಲ ಹನ್ನೊಂದಕ್ಕ ಏರೂ ಬಿಸಲು ಈಗ ಒಂಬತ್ತಕ್ಕ ಏರಾಕತ್ತೈತಿ ನೋಡ." ಮಾವ ನಕ್ಕು, ಸೂರ್ಯಗೂ ಗುತ್ತಿಗೆ ಕೊಟ್ಟಾರೇನು ಎಂದರು. ನಾನೂ ನಕ್ಕೆ.

ಅದೇ ವರ್ಷ ನಾನು ಬಸುರಾದೆ.

ಇಲ್ಲಿ ನಮ್ಮಕ್ಕನ ವಿಷಯ ಹೇಳಬೇಕು. ನನಗಿಂತ ಆರು ವರ್ಷ ದೊಡ್ಡವಳು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾಗಿದ್ದವಳನ್ನು, ಬಿತ್ತಿಗೆ ಮುಗಿಯಲಿ, ಕಳೆ ಮುಗಿಯಲಿ ಎಂದು ಅವಳ ಗಂಡನ ಮನೆಯವರು ನಿಲ್ಲಿಸಿಕೊಂಡರು. ಅಲ್ಲೇ ಹೆತ್ತಳು, ಅಲ್ಲೇ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಆವತ್ತಿನಿಂದ ನಮ್ಮವ್ವನಿಗೆ ಒಂದೇ ಹಟ. ನನ್ನ ಮದುವೆಯ ಮಾತುಕತೆಯಲ್ಲಿ ಗಂಡಸರ ನಡುವೆ ಎಂದೂ ಮಾತಾಡದ ಅವಳು ಬಾಗಿಲ ಮರೆಯಿಂದ ಹೇಳಿದ್ದು ಇಷ್ಟೇ: "ಚೊಚ್ಚಲ ಬಾಣಂತನ ನಮ್ಮ ಮನ್ಯಾಗ ಆಗಬೇಕ್ರಿ. ಅಕಿನ್ನ ನನ್ನ ಕೈಯಾಗ ಕೊಡ್ರಿ. ಮತ್ತೇನೂ ಬ್ಯಾಡ." ಮಾವ ಎಲ್ಲರ ಮುಂದೆ ಮಾತು ಕೊಟ್ಟಿದ್ದರು. ನನಗೂ ಅದೊಂದೇ ಬೇಕಾಗಿತ್ತು. ಭಯ ಹೇಳಿಕೊಳ್ಳುವ ಪೈಕಿ ನಾನಲ್ಲ, ಆದರೆ ಹೊಟ್ಟೆಯಲ್ಲಿ ಕೂಸು ಒದ್ದಾಗಲೆಲ್ಲ ಅಕ್ಕನ ಮುಖ ಕಣ್ಣ ಮುಂದೆ ಬರುತ್ತಿತ್ತು.

ಏಳನೆಯ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಉಡಿಯ ತುಂಬ ಅಕ್ಕಿ ಕೊಬ್ಬರಿ. ಎಂಟು ದಿನಕ್ಕೆ ನಮ್ಮಣ್ಣ ಕರೆಯಲು ಬಂದ. ಅವನು ಬಂದಾಗ ಭಟ್ಟಿಗೆ ಬೆಂಕಿ ಕೊಟ್ಟು ಮೂರು ದಿನವಾಗಿತ್ತು.

"ಇದೊಂದು ಭಟ್ಟಿ ಬಾಯಿ ಮುಚ್ಚಲಿ ತಮ್ಮಾ" ಎಂದರು ಮಾವ. "ಅಕಿ ಇಲ್ಲಂದ್ರ ಇಲ್ಲೆ ಯಾರಿಗೂ ತಿಳಿಯಾಂಗಿಲ್ಲ. ಇನ್ನ ಎರಡ ತಿಂಗಳ ಐತಲ್ಲ."

ಸುಳ್ಳಲ್ಲ, ಎರಡು ತಿಂಗಳಿತ್ತು. ಅಣ್ಣ ಊಟ ಮಾಡಿ ಹೋದ.

ಮುಂದಿನ ತಿಂಗಳು ಮತ್ತೆ ಬಂದ. ಆ ಸಲ ಗುತ್ತಿಗೆದಾರ ಎರಡು ಭಟ್ಟಿ ಒಟ್ಟಿಗೇ ಹಾಕಿಸಿದ್ದ, ಎರಡೂ ಹಳದಿಗೆ ಬಂದಿದ್ದವು. ಅತ್ತೆ ಅಡುಗೆಮನೆಯಿಂದಲೇ ಕೂಗಿ ಹೇಳಿದಳು, "ಕಳಸ್ರಿ ಅಕಿನ್ನ. ಹೆಣ್ಣಮಗಳ್ನ ಹೊಗಿಗೆ ಕಟ್ಟಿ ಹಾಕೀರಲ್ಲ, ನಾಚಿಕಿ ಬರಾಂಗಿಲ್ಲೇನ." ಮಾವ ಎತ್ತಿಗೆ ನೀರು ಕುಡಿಸಲು ಎದ್ದರು. ಗಂಡ ನನ್ನ ಮುಖ ನೋಡದೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ಅಣ್ಣ ಎರಡು ದಿನ ಕಾದ. ಮೂರನೆಯ ದಿನ ಸಿಂದಗಿ ಸಂತೆಗೆ ತೊಗರಿ ಒಯ್ಯುವುದಿತ್ತು, ಹೊರಟು ನಿಂತವನು ನನ್ನನ್ನು ಭಟ್ಟಿಯ ಹತ್ತಿರ ಹುಡುಕಿಕೊಂಡು ಬಂದ.

"ಅವ್ವಗ ಏನ ಹೇಳ್ಲೆವಾ" ಎಂದ.

"ಬರ್ತಾಳಂತ ಹೇಳು."

"ಹಿಂದಿನ ಸಲಾನೂ ಅದನ್ನ ಹೇಳೇನಿ. ಅಕಿ ದಿನಾ ಬಸ್ ಬರೂ ಹೊತ್ತಿಗೆ ಕಟ್ಟಿ ಮ್ಯಾಲ ಕುಂದರ್ತಾಳ."

ನನ್ನ ಕೈಗಳು ಮೊಣಕೈತನಕ ಮಣ್ಣಾಗಿದ್ದವು. ಕಣ್ಣು ಒರೆಸಿಕೊಳ್ಳಲೂ ಬರಲಿಲ್ಲ. ಅವನು ಹೋದಮೇಲೆ ನಾನು ಅತ್ತುಬಿಟ್ಟೆ. ಅತ್ತು ಮುಗಿದಮೇಲೆ ಎದ್ದು ಬಲಮಗ್ಗಲಿನ ಕಿಂಡಿ ತೆರೆದೆ, ಏಕೆಂದರೆ ಅಲ್ಲಿ ಹೊಗೆ ಕಡಿಮೆಯಾಗಿತ್ತು. ಆ ದಿನಗಳಲ್ಲಿ ನಾನು ಎಲ್ಲರನ್ನೂ ಮನಸ್ಸಿನಲ್ಲೇ ಶಪಿಸಿದೆ. ಮಾವನನ್ನು, ಗಂಡನನ್ನು, ಆ ಗುತ್ತಿಗೆದಾರನ ಏಳು ತಲೆಮಾರನ್ನು. ನನಗೆ ಓಡಿಹೋಗಬೇಕೆನ್ನಿಸುತ್ತಿತ್ತು. ಎಲ್ಲಿಗೆ ಓಡುವುದು, ಹೊಟ್ಟೆ ಹೊತ್ತುಕೊಂಡು ನಾಲ್ಕು ಮೈಲಿ ಬಿಸಿಲಲ್ಲಿ. ಕೂತಲ್ಲಿಂದ ಸುತ್ತ ನೋಡಿದರೆ ಮೋಟುಗಳು, ಕಪ್ಪು ನೆಲ, ಅದರಾಚೆ ಬೇರೆಯವರ ಭಟ್ಟಿಯ ಹೊಗೆ. ಯಾರೂ ಬಾಗಿಲು ಹಾಕಿರಲಿಲ್ಲ, ಆದರೂ ಹೋಗುವ ದಾರಿ ಇರಲಿಲ್ಲ.

ಮೂರನೆಯ ಸಲ ಅಣ್ಣ ಬಂದದ್ದು ಯುಗಾದಿಯ ಮರುವಾರ. ಆಗ ಒಂಬತ್ತರಲ್ಲಿದ್ದೆ. ಈ ಸಲ ಅವನು ಕೂತು ಮಾತಾಡಲಿಲ್ಲ. "ಮಾವಾರ, ಇವತ್ತ ಕಳಸ್ತೀರೋ, ಇಲ್ಲ ನಮ್ಮವ್ವನ್ನ ಕರಕೊಂಡ ಬಂದು ನಿಮ್ಮ ಅಂಗಳದಾಗ ಕುಂದರಿಸ್ಲೋ" ಎಂದ. ಮಾವ ಸೋತರು. ಅವರು ಕೆಟ್ಟ ಮನುಷ್ಯನೇನಲ್ಲ, ಕೊಟ್ಟ ಮಾತು ಅವರ ಗಂಟಲಲ್ಲೂ ಸಿಕ್ಕಿಕೊಂಡಿತ್ತು. ತಾವೇ ಬಂಡಿ ಕಟ್ಟಿಸಿದರು. ಹುಲ್ಲು ಹಾಸಿ, ಮೇಲೆ ಎರಡು ಕೌದಿ ಹಾಸಿದರು. ಅತ್ತೆ ಉಡಿ ತುಂಬಿ, ಕೆನ್ನೆ ಸವರಿ, "ಹೋಗಿ ಬಾ ನನ್ನವ್ವ" ಎಂದಳು. ನಾನು ಬಂಡಿ ಹತ್ತಿದೆ. ಗಂಡ ಹಗ್ಗ ಹಿಡಿದು ಮುಂದೆ ಕೂತರು, ಅಣ್ಣ ಹಿಂದೆ. ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದಂತೆ ಹಗುರಾಯಿತು.

ದಾರಿ ನಮ್ಮ ಬೀಳುಹೊಲದ ಪಕ್ಕದಲ್ಲೇ ಹೋಗುತ್ತದೆ. ನೋಡಬಾರದೆಂದು ಮುಖ ಇನ್ನೊಂದು ಕಡೆ ತಿರುಗಿಸಿಕೊಂಡೆ. ಮೂಗು ತಿರುಗಲಿಲ್ಲ. ಹೊಗೆಯ ವಾಸನೆ ಬೇರೆಯಾಗಿತ್ತು. ತಿರುಗಿ ನೋಡಿದೆ. ಭಟ್ಟಿಯ ಮೂಡಲ ಮಗ್ಗಲು ಎದೆಮಟ್ಟದಲ್ಲಿ ಒಂದು ಕಡೆ ಮಣ್ಣು ಒಳಗೆ ಕುಸಿದು ತಗ್ಗಾಗಿತ್ತು. ಅಲ್ಲಿಂದ ಹೊಗೆ ಹಳದಿಯೂ ಅಲ್ಲದ ನೀಲಿಯೂ ಅಲ್ಲದ ಬಣ್ಣಕ್ಕೆ ಏಳುತ್ತಿತ್ತು. ಇನ್ನು ಅರ್ಧ ತಾಸಿಗೆ ಅದು ಬಾಯಿ ಬಿಡುತ್ತದೆ. ಆಳುಗಳು ಅದರ ಮುಂದೆಯೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗಂಡ ಅದನ್ನೇ ನೋಡುತ್ತ ಎತ್ತು ಹೊಡೆಯುತ್ತಿದ್ದರು. ಅವರಿಗೆ ಏನೂ ಕಾಣಲಿಲ್ಲ.

ಸುಮ್ಮನಿರಬಹುದಾಗಿತ್ತು. ಯಾರೂ ನನ್ನನ್ನು ತಡೆದಿರಲಿಲ್ಲ, ಯಾರೂ ಕೇಳಿರಲಿಲ್ಲ. ಅಷ್ಟು ತಿಂಗಳು ಎಲ್ಲರನ್ನೂ ಶಪಿಸಿದ ನಾನೇ, "ಬಂಡಿ ನಿಂದರಸ್ರಿ" ಎಂದೆ.

ಅಣ್ಣ ನನ್ನ ರಟ್ಟೆ ಹಿಡಿದ. "ಹುಚ್ಚ ಹಿಡದೈತೇನ ನಿನಗ. ಸುಟ್ಟರ ಸುಡಲಿ, ನಡಿ."

"ಒಂದ ತಾಸು, ಅಷ್ಟ. ಮುಚ್ಚಿ ಬರ್ತೇನಿ."

ಗಂಡನ ಸಲುವಾಗಿ ಇಳಿದೆನೆಂದು ಬಹಳ ವರ್ಷ ಹೇಳಿಕೊಂಡೆ. ಮಾವನ ಮರ್ಯಾದೆಗಾಗಿ ಎಂದೂ ಹೇಳಿಕೊಂಡೆ. ಅದು ಸುಳ್ಳು. ನಾನು ಕಟ್ಟಿದ ಭಟ್ಟಿ ಬೂದಿಯಾಗುವುದನ್ನು ನನಗೆ ನೋಡಲಾಗಲಿಲ್ಲ. ಇಡೀ ಸೀಮೆಯಲ್ಲಿ ಇದು ನನ್ನೊಬ್ಬಳಿಗೇ ಕಾಣುತ್ತದೆ ಎನ್ನುವ ಹಮ್ಮು. ಆ ಹಮ್ಮು ಹೊಟ್ಟೆಯ ಕೂಸಿಗಿಂತ, ಕಟ್ಟೆಯ ಮೇಲೆ ಕೂತಿದ್ದ ಅವ್ವನಿಗಿಂತ ನನಗೆ ಆ ಗಳಿಗೆಯಲ್ಲಿ ದೊಡ್ಡದಾಯಿತು.

ತಗ್ಗಿಗೆ ಕಟ್ಟಿಗೆ ತುರುಕಿಸಿ, ಹುಲ್ಲು ಒತ್ತಿಸಿ, ಹಾಳಮಣ್ಣು ಕಲಸಿ ನಾನೇ ಮೆತ್ತಿದೆ. ಆಳುಗಳು ಬುಟ್ಟಿ ಎತ್ತಿ ಎತ್ತಿ ಕೊಟ್ಟರು, ನಾನು ಬಗ್ಗಿ ಬಗ್ಗಿ ಬಡಿದೆ. ಒಂದು ತಾಸು ಹೋಗಿ ಎರಡಾಯಿತು. ಬಸ್ಸಿನ ಹೊತ್ತು ಮೀರಿತು. ಅಣ್ಣ ಬಂಡಿಯ ಮೂಕಿಯ ಮೇಲೆ ಕೂತು ಬಸ್ಸಿನ ದಾರಿ ನೋಡುತ್ತಿದ್ದ. ಭಟ್ಟಿ ಉಳಿಯಿತು. ಕೈ ತೊಳೆಯಲು ಬಗ್ಗಿದಾಗ ಸೊಂಟದಲ್ಲಿ ಚಳಕು ಹೊಡೆಯಿತು. ದಿನ ಇನ್ನೂ ಇದೆ, ಇದು ಬರೀ ದಣಿವು ಎಂದುಕೊಂಡೆ. ಮನೆಗೆ ಬರುವಷ್ಟರಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಮುಂಜಾನೆ ಅತ್ತೆಯ ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಸೂಲಗಿತ್ತಿ ಜಾಣೆ, ಇಬ್ಬರನ್ನೂ ಉಳಿಸಿದಳು. ಕೂಸು ಸಣ್ಣದಿತ್ತು, ಅಳು ಮಾತ್ರ ಜೋರು. ಅಣ್ಣ ಅದರ ಮುಖ ನೋಡಿ, ಅವ್ವನಿಗೆ ಸುದ್ದಿ ಮುಟ್ಟಿಸಲು ಮೊದಲ ಬಸ್ಸಿಗೇ ಹೋದ.

ಐದನೆಯ ದಿನದ ಪೂಜೆಗೆ ತವರಿನವರು ಬರಬೇಕು. ಅಣ್ಣ ಬರುತ್ತಾನೆಂದುಕೊಂಡಿದ್ದೆವು. ಅಣ್ಣನಿಗೆ ಜ್ವರ. ಅವನು ಏಳುವತನಕ ಕಾಯುವ ಸಹನೆ ಅವ್ವನಲ್ಲಿ ಉಳಿದಿರಲಿಲ್ಲ. ಯಾರಿಗೂ ಹೇಳದೆ ಒಬ್ಬಳೇ ಸಿಂದಗಿಗೆ ಬಂದು ಬಸ್ಸು ಹತ್ತಿದ್ದಾಳೆ. ಬಸ್ಸು ಡಾಂಬರು ರಸ್ತೆಯಲ್ಲಿ ಇಳಿಸಿದ್ದು ನಡು ಮಧ್ಯಾಹ್ನ. ಅವಳು ಬರುವುದು ಗೊತ್ತಿಲ್ಲದ್ದರಿಂದ ಬಂಡಿ ಹೋಗಿರಲಿಲ್ಲ. ತಲೆಯ ಮೇಲೆ ಗಂಟು: ಬಾಣಂತಿಯ ಉಂಡೆಗೆ ಅಳ್ವಿ, ಅಂಟು, ಕೊಬ್ಬರಿ, ಬೆಲ್ಲ, ಒಂದು ತಂಬಿಗೆ ತುಪ್ಪ, ಕೂಸಿಗೆ ಹಳೆ ಸೀರೆಯ ಕುಂಚಿಗೆ. ಚೈತ್ರದ ಆ ಬಿಸಿಲಲ್ಲಿ ಅವಳು ನಾಲ್ಕು ಮೈಲಿ ನಡೆದಳು.

ಹೊರಗೆ ಅತ್ತೆ "ಅಯ್ಯ ಬೀಗತಿ" ಎಂದು ಕೂಗಿದ್ದು ಕೇಳಿತು. ಅವ್ವ ಕೋಣೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಮುಖ ಕೆಂಪಗೆ, ತುಟಿ ಒಡೆದಿತ್ತು, ಬೆವರು ಮಾತ್ರ ಒಂದು ಹನಿ ಇರಲಿಲ್ಲ. ತಂಬಿಗೆಯ ತುಪ್ಪ ಕರಗಿ ನೀರಾಗಿ ಅವಳ ಸೆರಗೆಲ್ಲ ಒದ್ದೆಯಾಗಿತ್ತು. ನನ್ನನ್ನು ನೋಡಿದಳು, ಕೂಸನ್ನು ನೋಡಿದಳು. ಇಬ್ಬರೂ ಜೀವಂತ ಇದ್ದೇವೆ ಎನ್ನುವುದನ್ನು ಖಾತ್ರಿ ಮಾಡಿಕೊಂಡಮೇಲೆಯೇ ಕುಸಿದು ಕೂತಳು. ಅತ್ತೆ ನೀರು ಕೊಟ್ಟಳು. ಎರಡು ಗುಟುಕು ಕುಡಿದು ನನ್ನ ಕಡೆ ತಿರುಗಿದಳು.

"ಯವ್ವಾ, ನಿನ್ನ ಮದವಿಗೆ ಬಂದಾಗ ದಾರಿ ತುಂಬ ಗಿಡ ಇದ್ದುವಲ್ಲ. ಎಲ್ಲೆರ ಒಂದಿಷ್ಟು ಕುಂತು ಬರೂಣಂದ್ರ ಒಂದೂ ಸಿಗಲಿಲ್ಲ. ಎಲ್ಲಿ ಹೋದವು?"

ಸಿಟ್ಟಿನಿಂದ ಕೇಳಿದ್ದಲ್ಲ. ಕಾಣದ್ದನ್ನು ಕೇಳಿದಳು, ಅಷ್ಟೇ. ಅವಳಿಗೆ ಭಟ್ಟಿಯ ಕೆಲಸ ಅಂದರೆ ಏನೆಂದು ಗೊತ್ತಿರಲಿಲ್ಲ. ಮಗಳಿಗೆ ಹೊಲದಲ್ಲಿ ಕೆಲಸ ಜಾಸ್ತಿ ಎಂದಷ್ಟೇ ಅಣ್ಣ ಹೇಳಿದ್ದ. ನಾನು ಬಾಯಿ ತೆರೆದೆ. ಎಲ್ಲಿಯೂ ಸುಮ್ಮನಿರದ ನನ್ನ ಈ ಬಾಯಿ.

"ಹುಳಾ ಬಿದ್ದು ಒಣಗಿದ್ವು ಬೇ" ಎಂದೆ.

"ಪಾಪ" ಎಂದಳು ಅವ್ವ. ಗಿಡಗಳಿಗೆ.

ಸಂಜೆಗೆ ಅವಳ ಮೈ ಹಂಚಿನಂತಾಯಿತು. ಬಿಸಿಲು ಬಡಿದಿದೆ ಎಂದು ಅತ್ತೆ ಈರುಳ್ಳಿ ಜಜ್ಜಿ ಅಂಗಾಲಿಗೆ ಹಚ್ಚಿದಳು, ಒದ್ದೆ ಬಟ್ಟೆ ಹೊದಿಸಿದಳು, ಹುಣಸೆಹಣ್ಣಿನ ಪಾನಕ ಕುಡಿಸಲು ನೋಡಿದಳು. ಅದು ಒಳಗೆ ಹೋಗಲಿಲ್ಲ. ಮುದ್ದೇಬಿಹಾಳಕ್ಕೆ ಒಯ್ಯಬೇಕೆಂದು ಮರುದಿನ ಬೆಳಗಾಗುತ್ತಲೇ ಮಾವ ಬಂಡಿ ಕಟ್ಟಿದರು, ಆದರೆ ಅವಳನ್ನು ಎತ್ತಿ ಮಲಗಿಸುವಾಗಲೇ ಉಸಿರು ಬೇರೆ ತರಹ ಆಗಿತ್ತು. ಮತ್ತೆ ಒಳಗೆ ತಂದರು. ನಾನು ಬಾಣಂತಿ, ಹೊರಸಿನಿಂದ ಇಳಿಯಬಾರದು ಎಂದರು, ಇಳಿದೆ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಹೆರಿಗೆಗೆ ತನ್ನ ಕೈಯೇ ಬೇಕೆಂದು ಹಟ ಹಿಡಿದವಳ ಆ ಕೈಯನ್ನು ಹಿಡಿದುಕೊಂಡು ನಾನು ಕೂತಿದ್ದೆ, ಅದು ಹಾಗೇ ತಣ್ಣಗಾಯಿತು. ಆಗ ಮಧ್ಯಾಹ್ನದ ಹೊತ್ತು.

ಎಲ್ಲರೂ ಬಿಸಿಲನ್ನು ಬೈದರು. ಇಂಥ ಬಿಸಿಲು ಹಿಂದೆ ಕಂಡಿರಲಿಲ್ಲ ಎಂದರು. ಅಣ್ಣನಿಗೆ ಸುದ್ದಿ ಹೇಳಲು ಒಬ್ಬ ಆಳು ಬಸ್ಸಿನ ರಸ್ತೆಗೆ ಸೈಕಲ್ ಹತ್ತಿದ. ಅತ್ತೆ ಅವ್ವನ ತಲೆಯ ಹತ್ತಿರ ದೀಪ ಹಚ್ಚಿಟ್ಟು ನೀರು ಕಾಯಿಸಲು ಹೋದಳು. ಕೋಣೆಯಲ್ಲಿ ನಾನು, ಕೂಸು, ಅವ್ವ.

ಗಂಡ ಬಾಗಿಲಿಗೆ ಬಂದು ನಿಂತರು. ಅವರ ಕಣ್ಣುಗಳೂ ಕೆಂಪಾಗಿದ್ದವು, ಅತ್ತಿದ್ದಕ್ಕೋ ಹೊಗೆಗೋ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು:

"ಮೂಡಲ ಮಗ್ಗಲು ಹೊಗಿ ತೆಳ್ಳಗಾಗೇತಿ. ನೀಲಿ ಐತೋ ಇಲ್ಲೋ ನನಗ ತಿಳಿವಲ್ದು. ಏನ್ ಮಾಡ್ಲಿ?"

ಗುತ್ತಿಗೆದಾರನಿಗೆ ಹೇಳುವ ಬೈಗುಳ ಇತ್ತು, ಮಾವನಿಗೆ ಹೇಳುವುದಿತ್ತು, ಇವರಿಗೂ ಇತ್ತು. ಅವ್ವ ಕೇಳಿದ್ದಕ್ಕೆ ಕೊಡಬೇಕಾದ ಉತ್ತರವೂ ಇತ್ತು, ಅದನ್ನು ಇನ್ನು ಕೇಳುವವರಿರಲಿಲ್ಲ.

"ಕಣ್ಣ ಉರೀತಾವೇನ್ರಿ, ಹತ್ರ ಹೋದ್ರ?" ಎಂದೆ.

"ಇಲ್ಲ."

"ಹಂಗಾರ ಆಗೇತಿ. ಕೆಳಗಿನ ಕಿಂಡಿ ಮದಲ ಮುಚ್ಚ್ರಿ. ಆಮ್ಯಾಲ ಮ್ಯಾಲಿಂದು. ಮಣ್ಣು ಗಟ್ಟಿ ಕಲಸಬ್ಯಾಡ್ರಿ" ಎಂದೆ.

ಅವರು ತಲೆಯಾಡಿಸಿ ಹೋದರು.